ಖಾಲಿ ಬಿಟ್ಟರೆ ಪೂರ್ಣ ಅಂಕ

ಮಕ್ಕಳಿಗೆ ಅಂಕ ಕೊಡುವ ಮೇಷ್ಟ್ರನ್ನು ಎಲ್ಲರೂ ನೋಡಿರುತ್ತಾರೆ. ದೇಶಗಳಿಗೇ ಅಂಕ ಕೊಡುವವರು ಇದ್ದಾರೆ ಎಂದರೆ ಜನ ನಕ್ಕುಬಿಡುತ್ತಾರೆ. ಅವಳ ಹೊಟ್ಟೆಪಾಡು ಮಾತ್ರ ಅದೇ. ಕಂಪನಿಗಳವರು ಬಾಗಿಲು ಹಾಕಿಕೊಂಡು ಕೂತು, ಮಾತಾಡಿಕೊಂಡು ದರ ಏರಿಸದಂತೆ ತಡೆಯಲು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಸ್ಪರ್ಧಾ ಕಾನೂನು ಅಂತ ಒಂದಿದೆ. ಅದನ್ನು ನಡೆಸಲು ಆಯೋಗ ಅಂತ ಒಂದಿದೆ. ಯಾವ ಆಯೋಗ ಮೈ ಬಗ್ಗಿಸಿ ದುಡಿಯುತ್ತದೆ, ಯಾವುದು ಬೋರ್ಡು ತಗುಲಿಸಿಕೊಂಡು ಗೊರಕೆ ಹೊಡೆಯುತ್ತದೆ ಎಂದು ಅಳೆದು, ದೇಶಗಳನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸಿ ವರ್ಷಕ್ಕೊಂದು ವರದಿ ತರುವುದು ಅವಳ ಕಚೇರಿಯ ಕೆಲಸ. ಆ ವರದಿ ನೋಡಿಕೊಂಡು ಕಾರ್ಖಾನೆ ಹಾಕುವವರಿದ್ದಾರೆ. ಒಂದು ಸ್ಥಾನ ಕೆಳಗಿಳಿದರೆ ಊಟ ಬಿಡುವ ಮಂತ್ರಿಗಳೂ ಇದ್ದಾರೆ.

ಕಚೇರಿ ಇದ್ದದ್ದು ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಲಿಫ್ಟಿನ ಬಾಗಿಲನ್ನು ಮೊಣಕಾಲಿನಿಂದ ಒತ್ತದಿದ್ದರೆ ಮುಚ್ಚುತ್ತಿರಲಿಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಏಸಿಗಳ ಬೆನ್ನು, ಅವುಗಳಿಂದ ತೊಟ್ಟಿಕ್ಕುವ ನೀರು. ಜಗತ್ತಿನ ನ್ಯಾಯ ತೂಗುವ ಜಾಗ ಇಷ್ಟೇನಾ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಅವಳ ತಲೆ ಅಲ್ಲಿ ಕೂತೂ ಕೂತೂ ಅರ್ಧ ಬೆಳ್ಳಗಾಗಿತ್ತು. ಅರ್ಧ ಅಂಕಕ್ಕೆ ಅರ್ಧ ದಿನ ಜಗಳ ತೆಗೆಯುವವಳೆಂದು ಸಹೋದ್ಯೋಗಿಗಳು ಅವಳಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ತಕ್ಕಡಿ ಮೇಡಂ, ಬೆನ್ನ ಹಿಂದೆ ಬರೀ ತಕ್ಕಡಿ. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅವಳ ಪಾಲಿಗೆ ಬಂದದ್ದು ‘ದೂರು ಕೊಟ್ಟವರ ರಕ್ಷಣೆ’ ಎಂಬ ವಿಭಾಗ. ದೊಡ್ಡ ಕಂಪನಿಗಳ ಮೇಲೆ ದೂರು ಕೊಟ್ಟ ಸಣ್ಣ ವ್ಯಾಪಾರಿಯನ್ನು ಆ ದೇಶ ಕಾಪಾಡುತ್ತದೋ, ಇಲ್ಲ ನಡುನೀರಿನಲ್ಲಿ ಕೈಬಿಡುತ್ತದೋ ಎಂದು ನೋಡಬೇಕು. ಪ್ರತಿ ದೇಶದ ಆಯೋಗವೂ ಒಬ್ಬ ದೂರುದಾರರ ಫೋನ್ ನಂಬರನ್ನು ಹೆಸರು ಹೇಳದೆ ಕಳಿಸುತ್ತಿತ್ತು. ಅವಳು ಫೋನ್ ಮಾಡಿ, ಮೊದಲೇ ಗೊತ್ತುಮಾಡಿದ ಪ್ರಶ್ನೆಗಳನ್ನು ಕೇಳಿ, ಉತ್ತರ ರೆಕಾರ್ಡ್ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಆ ದೇಶದ ಚೌಕದೊಳಗೆ ಅಂಕ ತುಂಬಬೇಕು. ಭಾಷೆ ಬೇರೆಯಾದರೆ ನಡುವೆ ಒಬ್ಬ ದುಭಾಷಿ ಇರುತ್ತಿದ್ದ.

ಮೊದಮೊದಲು ಇದೊಂದು ದೊಡ್ಡ ತಲೆನೋವಾಗಿತ್ತು. ಎಷ್ಟೋ ಜನ ಫೋನ್ ಎತ್ತುತ್ತಿರಲಿಲ್ಲ. ಎತ್ತಿದವರು ನೆಟ್ಟಗೆ ಬಾಯಿ ಬಿಡುತ್ತಿರಲಿಲ್ಲ. ಚೌಕಗಳು ಖಾಲಿ ಉಳಿದು ವರದಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಆಗ ಒಂದು ಸಭೆಯಲ್ಲಿ ಅವಳೇ ದಾರಿ ತೋರಿಸಿದಳು. ತೊಂದರೆಯಾಗಿದೆ ಎಂಬುದಕ್ಕೆ ದಾಖಲೆ ಇಲ್ಲ ಎಂದರೆ ತೊಂದರೆಯಾಗಿಲ್ಲ ಎಂದೇ ಅರ್ಥ. ಖಾಲಿ ಬಿಟ್ಟರೆ ಪೂರ್ಣ ಅಂಕ ಎಂದು ಇಟ್ಟುಕೊಳ್ಳೋಣ. ಮುಖ್ಯಸ್ಥರು ಶಹಬ್ಬಾಸ್ ಎಂದು ಬೆನ್ನು ತಟ್ಟಿದರು. ಕಂಪ್ಯೂಟರಿನವನು, ಖಾಲಿ ಬಿಟ್ಟ ಚೌಕ ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಸಿರಾಗುವ ಹಾಗೆ ಮಾಡಿಕೊಟ್ಟ. ಕೇಳಲು ಎಷ್ಟು ಚಂದದ ನ್ಯಾಯ! ಸತ್ತವನು ಕೆಮ್ಮುತ್ತಿಲ್ಲ, ಆದ್ದರಿಂದ ಅವನಿಗೆ ಕೆಮ್ಮು ವಾಸಿಯಾಗಿದೆ ಎಂದ ಹಾಗೆ. ಆದರೆ ಅಂದು ಆ ಕೋಣೆಯಲ್ಲಿ ಯಾರಿಗೂ ಹಾಗೆ ಅನ್ನಿಸಲಿಲ್ಲ, ಅವಳಿಗಂತೂ ಅನ್ನಿಸಲೇ ಇಲ್ಲ.

ದೂರದ ಯಾವುದೋ ದೇಶದಲ್ಲಿ ಹಾಲಿನ ಟ್ಯಾಂಕರ್ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಒಂದು ವರ್ಷ ಫೋನಿನಲ್ಲಿ ಸಿಕ್ಕಿದ್ದಳು. ತೊಂದರೆಯೇನಾದರೂ ಆಗಿದೆಯೇ ಎಂದರೆ, ‘ಏನೂ ಇಲ್ಲ, ಎಲ್ಲರೂ ತುಂಬಾ ಸಹಕಾರ ಕೊಡುತ್ತಿದ್ದಾರೆ’ ಎಂದು ದುಭಾಷಿಯ ಬಾಯಿಂದ ಉತ್ತರ ಬಂತು. ಎಷ್ಟು ಮೆತ್ತಗಿನ ದನಿ, ಎಷ್ಟು ಮರ್ಯಾದಸ್ಥ ಹೆಂಗಸು ಎಂದು ಅವಳು ಮೆಚ್ಚಿಕೊಂಡಿದ್ದಳು. ಮರುವರ್ಷ ಅದೇ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆ ದೇಶಕ್ಕೆ ಎರಡು ವರ್ಷವೂ ಪೂರ್ಣ ಅಂಕ ಸಿಕ್ಕಿತ್ತು.

ಅವಳ ಸ್ವಂತ ದೇಶಕ್ಕೂ ಅಷ್ಟೇ ಸಿಕ್ಕಿತ್ತು.

ಅವಳಿಗೊಬ್ಬ ತಮ್ಮ. ತಾಯಿ ದುಡಿಯಲು ಹೋಗುತ್ತಿದ್ದ ಕಾಲದಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ. ಈಗ ಊರ ಹೊರಗಿನ ದೊಡ್ಡ ರಸ್ತೆಯಲ್ಲಿ ಅವನದೇ ವೆಲ್ಡಿಂಗ್ ಶಾಪು. ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕಂಬಿ, ಹಳೆ ಲಾರಿಗಳ ಮುರಿದ ಮೈ, ಎಲ್ಲಕ್ಕೂ ಅವನೇ ಬೇಕು. ಫೋನ್ ಮಾಡಿದರೆ ಹಿಂದೆ ಗ್ರೈಂಡರ್ ಕಿರುಚುತ್ತಿರುತ್ತಿತ್ತು. “ಜೋರಾಗಿ ಹೇಳಕ್ಕಾ! ಕೇಳಿಸ್ತಿಲ್ಲ!” ಎಂದು ಅವನು ಕಿರುಚುತ್ತಿದ್ದ. ಅಕ್ಕ ತಮ್ಮ ಜೀವಮಾನವೆಲ್ಲ ಹೀಗೆ ಕೂಗಾಡಿಕೊಂಡೇ ಮಾತಾಡಿದ್ದರು.

ಒಂದು ರಜೆಯ ದಿನ ಅವಳು ಶಾಪಿಗೆ ಹೋದಾಗ ಅವನು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಎದುರಿಗೆ ಬಂದು ಕೂತ. ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ್ದ ಗ್ಯಾಸ್ ಸಿಲಿಂಡರುಗಳ ಕಡೆ ಗದ್ದ ಎತ್ತಿ ತೋರಿಸಿದ.

“ನೋಡಕ್ಕ, ಗ್ಯಾಸ್ ಕೊಡೋ ಕಂಪನಿ ಮೂರಿವೆ. ಮೂರೂ ಒಂದೇ ದಿನ, ಒಂದೇ ದರ ಏರಿಸ್ತವೆ. ಮೂರಕ್ಕೂ ಏಜೆಂಟ್ ಒಬ್ಬನೇ. ಇದು ಕಾಕತಾಳೀಯನಾ?”

“ಕಾಕತಾಳೀಯ ಅಲ್ಲ ಕಣೋ, ಕಳ್ಳಾಟ. ಇದನ್ನ ತಡೆಯೋಕೇ ಕಾನೂನಿರೋದು.”

“ದೂರು ಕೊಡೋಣ ಅಂತಿದೀನಿ. ಬಿಲ್ಲೆಲ್ಲ ಇಟ್ಕೊಂಡಿದೀನಿ. ಒಂದೇ ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ನನ್ನ ಹೆಸರು ಹೊರಗೆ ಬರುತ್ತಾ?”

ಟೀ ಲೋಟ ಹಿಡಿದು ಬಂದ ಅವನ ಹೆಂಡತಿ ಬಾಗಿಲಲ್ಲೇ ನಿಂತಳು. “ಬೇಡ ಅಂತ ಹೇಳಿ ಅತ್ತಿಗೆ. ನಾಳೆ ಗ್ಯಾಸ್ ನಿಲ್ಲಿಸಿದ್ರೆ ನಾವು ಶಾಪಿಗೆ ಬೀಗ ಹಾಕ್ಕೊಂಡು ಕೂರ್ಬೇಕಾಗುತ್ತೆ.”

ತಕ್ಕಡಿಗೆ ನಗು ಬಂತು. ಇಡೀ ಜಗತ್ತಿನ ದೂರುದಾರರ ಗತಿ ಬೆರಳ ತುದಿಯಲ್ಲಿ ಇಟ್ಟುಕೊಂಡವಳಿಗೆ ಇಂಥ ಭಯ ಹಳ್ಳಿಗುಗ್ಗುಗಳ ಭಯದಂತೆ ಕಂಡಿತು. “ನಮ್ಮ ದೇಶಕ್ಕೆ ಅದರಲ್ಲಿ ಪೂರ್ಣ ಅಂಕ ಕಣೇ. ಕೊಟ್ಟೋಳು ನಾನೇ,” ಎಂದಳು. “ಇಷ್ಟು ವರ್ಷದಲ್ಲಿ ಒಬ್ಬರಿಗೂ ಕೂದಲು ಕೊಂಕಿಲ್ಲ. ಧೈರ್ಯವಾಗಿ ಕೊಡೋ ನೀನು.”

ತಮ್ಮ, ಹೆಂಡತಿಯ ಕಡೆ ತಿರುಗಿ, ಕೇಳಿಸ್ತಾ ಎನ್ನುವಂತೆ ಹುಬ್ಬು ಹಾರಿಸಿದ. ಅಕ್ಕ ಅಂದಮೇಲೆ ಮುಗಿಯಿತು. ಚಿಕ್ಕಂದಿನಲ್ಲಿ ಈ ನೀರು ಆಳವಿಲ್ಲ ಎಂದು ಅಕ್ಕ ಹೇಳಿದರೆ ಕಣ್ಣು ಮುಚ್ಚಿ ಹಾರುತ್ತಿದ್ದವನು ಅವನು. ಆ ವಾರವೇ ದೂರು ಹೋಯಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಏಜೆಂಟ್ ಬಂದ. ಬಿಳಿ ಅಂಗಿ, ಇಸ್ತ್ರಿ ಮುರಿಯದ ತೋಳು, ಮಾತಿಗೆ ಮುಂಚೆ ನಗು. ಸ್ಟೂಲಿನ ಮೇಲಿನ ಕಬ್ಬಿಣದ ಪುಡಿಯನ್ನು ಕರ್ಚೀಫಿನಿಂದ ಝಾಡಿಸಿ ಕೂತು, ಒಂದು ಟೀ ಕೇಳಿದ. ಮಗಳು ಯಾವ ಸ್ಕೂಲಿಗೆ ಹೋಗುತ್ತಾಳೆ, ನಡೆದೇ ಬರುತ್ತಾಳಾ, ಒಬ್ಬಳೇ ಬರುತ್ತಾಳಾ ಎಂದು ವಿಚಾರಿಸಿದ. ಕಾಲು ಕೂಡ ಅಲ್ಲಾಡಿಸದೆ ಬಹಳ ಹೊತ್ತು ಕೂತಿದ್ದ. ಹೊರಡುವಾಗ ತಮ್ಮನ ಹೆಗಲ ಮೇಲೆ ಕೈ ಇಟ್ಟು, “ನಿಮ್ಮ ಹೆಸರು ಎಲ್ಲೂ ಬಂದಿಲ್ಲ ಅಣ್ಣ. ಆಯೋಗದವರು ತುಂಬಾ ಕಟ್ಟುನಿಟ್ಟು, ದೂರಿನ ಪ್ರತೀಲಿ ಹೆಸರಿಗೆ ನೀಟಾಗಿ ಕಪ್ಪು ಹಚ್ಚಿ ನಮಗೆ ಕಳಿಸಿದಾರೆ. ಬಿಲ್ ನಂಬರ್ ಒಂದನ್ನ ಹಚ್ಚೋಕೆ ಮರೆತಿದಾರೆ ಅಷ್ಟೇ,” ಎಂದ.

ಇದನ್ನು ಅವಳಿಗೆ ಹೇಳಿದ್ದು ತಮ್ಮನಲ್ಲ, ಅವನ ಹೆಂಡತಿ. ಮಧ್ಯಾಹ್ನ, ಮನೆಯ ಹಿತ್ತಿಲಿಗೆ ಬಂದು ಪಿಸುಗುಡುತ್ತ ಫೋನ್ ಮಾಡಿದ್ದಳು.

“ಅವರು ನಿಮಗೆ ಹೇಳ್ಬೇಡ ಅಂದ್ರು ಅತ್ತಿಗೆ. ಅಕ್ಕ ನೊಂದ್ಕೋತಾಳೆ ಅಂತಾರೆ. ನಿನ್ನೆ ಒಂದು ಸಿಲಿಂಡರ್ ಬಂದಿದೆ. ನಾವು ಕೇಳೇ ಇರ್ಲಿಲ್ಲ. ಶಾಪಿನ ಮಧ್ಯದಲ್ಲಿ ಇಳಿಸಿ ಹೋಗಿದಾರೆ.”

“ಅದಕ್ಕೇನೀಗ? ವಾಪಸ್ ಕಳಿಸಿ.”

“ಇವರು ದಿನಾ ಸಿಲಿಂಡರಿಗೆ ಸೋಪಿನ ನೀರು ಹಚ್ಚಿ ನೋಡ್ತಾರಲ್ಲ, ಎಲ್ಲಾದ್ರೂ ಗ್ಯಾಸ್ ಸೋರ್ತಿದೆಯಾ ಅಂತ. ಇದಕ್ಕೆ ಹಚ್ಚಿದ ಕೂಡ್ಲೇ ಗುಳ್ಳೆ ಗುಳ್ಳೆ ಎದ್ದಿತು ಅತ್ತಿಗೆ. ಆಗಷ್ಟೇ ಕಟಿಂಗಿಗೆ ಬೆಂಕಿ ಹಚ್ಚೋರಿದ್ರು. ಏಜೆಂಟ್ ನಗ್ತಾ ಹೇಳ್ತಾನೆ, ಹಳೇ ಸಿಲಿಂಡರು, ಒಂದೊಂದು ಹಾಗೇ ಬರುತ್ತೆ, ನೋಡ್ಕೊಂಡು ಹಚ್ಚಿ ಅಂತ.”

ತಕ್ಕಡಿ ಕೈಯಲ್ಲಿದ್ದ ಪೆನ್ನು ಎಲ್ಲಿಟ್ಟಳೋ ಗೊತ್ತಾಗಲಿಲ್ಲ. ತಮ್ಮನಿಗೆ ಫೋನ್ ಮಾಡಿ ಗದರಿದಳು. ಪೊಲೀಸರ ಹತ್ತಿರ ಹೋಗು, ಆಯೋಗಕ್ಕೆ ಬರೆ, ಸುಮ್ಮನಿರಬೇಡ ಎಂದಳು.

“ಏನಂತ ಬರೀಲಕ್ಕ?” ಗ್ರೈಂಡರಿನ ಸದ್ದಿನ ಮೇಲೆ ಅವನು ಕೂಗಿದ. “ಟೀ ಕುಡಿದ ಅಂತಲಾ? ಮಗಳ ಸ್ಕೂಲ್ ಕೇಳಿದ ಅಂತಲಾ? ಆಯೋಗಕ್ಕೆ ಬರೆದಿದ್ದಕ್ಕೇ ಇಷ್ಟಾಗಿದ್ದು. ಬಿಡು, ನಾನು ನೋಡ್ಕೋತೀನಿ.”

ಅವನ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ನೀನೇ ಹೇಳಿದ್ದಲ್ಲವಾ ಎಂದು ಒಂದು ಮಾತು ಆಡಿದ್ದರೂ ಅವಳಿಗೆ ಅತ್ತು ಹಗುರಾಗಲು ಆಗುತ್ತಿತ್ತು. ಅವನು ಆಡಲಿಲ್ಲ.

ಅವಳು ಎದ್ದು ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಮುಖ್ಯಸ್ಥರು ಒಳ್ಳೆಯವರೇ. ಇನ್ನೊಬ್ಬರಿಗೆ ಕೇಡು ಬಯಸಿದವರಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುವ ಆಸಾಮಿ.

“ನಮ್ಮ ದೇಶದ ಅಂಕ ಇಳಿಸ್ಬೇಕು ಸರ್. ಒಬ್ಬ ದೂರುದಾರನಿಗೆ ಬೆದರಿಕೆ ಇದೆ.”

“ಹೌದಾ? ಹೊಡೆದ್ರಾ?”

“ಇಲ್ಲ ಸರ್.”

“ಬೈದ್ರಾ? ಬರೆದು ಏನಾದ್ರೂ ಕಳಿಸಿದ್ರಾ?”

“ಇಲ್ಲ. ಬಂದು ಕೂರ್ತಾರೆ. ನಗ್ತಾರೆ. ಟೀ ಕುಡೀತಾರೆ.” ತನ್ನ ಬಾಯಿಂದ ಬರುತ್ತಿದ್ದ ಮಾತು ತನಗೇ ಪೇಲವವಾಗಿ ಕೇಳಿಸಿತು. “ಸೋರೋ ಸಿಲಿಂಡರ್ ಕಳಿಸಿದಾರೆ ಸರ್.”

“ಸಿಲಿಂಡರ್ ಸೋರೋದು ಎಲ್ಲ ಕಡೆ ಇದ್ದದ್ದೇ. ಟೀ ಕುಡಿದಿದ್ದಕ್ಕೆ ಎಷ್ಟು ಅಂಕ ಕಳೀತೀರಿ, ತಕ್ಕಡಿ ಮೇಡಂ?” ಅವರು ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. “ತಮಾಷೆಗೆ ಅಂದೆ. ಅವನು ಏನೇನಾಯ್ತು ಅಂತ ಬರೆದು ಸಹಿ ಹಾಕಿ ಕೊಡ್ಲಿ. ಕರಡು ವರದಿಗೆ ಸೇರಿಸೋಣ. ಕರಡು ಆಯೋಗಕ್ಕೂ ಹೋಗುತ್ತೆ, ಕಂಪನಿಗಳ ವಕೀಲರಿಗೂ ಹೋಗುತ್ತೆ. ಅವರೂ ಉತ್ತರ ಕೊಡ್ಲಿ. ದಾಖಲೆ ಇಲ್ದಿದ್ರೆ ಖಾಲಿ ಬಿಡಿ. ರೂಲು ನಿಮ್ಮದೇ ಅಲ್ವಾ?”

ಹೌದು, ರೂಲು ಅವಳದೇ. ಅದನ್ನು ಮುರಿಯಲು ಬಂದ ಎಷ್ಟೋ ಜನರನ್ನು ಅವಳೇ ಇದೇ ಕೋಣೆಯಲ್ಲಿ ಬಾಯಿ ಮುಚ್ಚಿಸಿ ಕಳಿಸಿದ್ದಳು. ಮುಖ್ಯಸ್ಥರು ಕನ್ನಡಕ ಹುಡುಕತೊಡಗಿದರು. ನಿಮ್ಮ ಹಣೆಯ ಮೇಲಿದೆ ಎಂದು ಹೇಳುವ ಚೈತನ್ಯವೂ ಇಲ್ಲದೆ ಅವಳು ಹೊರಬಂದಳು.

ವರದಿಯ ಹಂಗಾಮು ಬಂತು. ಒಂದೊಂದೇ ದೇಶದ ಫೋನ್ ನಂಬರುಗಳು ಬರತೊಡಗಿದವು. ಅವಳ ದೇಶದ ಆಯೋಗ ಕಳಿಸಿದ ನಂಬರನ್ನು ತೆರೆದು ನೋಡಿದಾಗ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆ ನಂಬರನ್ನು ಅವಳು ಎಂದೂ ಅಂಕಿಯಾಗಿ ನೋಡಿದವಳೇ ಅಲ್ಲ; ಬೆರಳಿಗೇ ಬಾಯಿಪಾಠವಾಗಿದ್ದ ನಂಬರು. ತಮ್ಮನದು.

ರಕ್ತಸಂಬಂಧಿಯಾದರೆ ಬರೆದು ತಿಳಿಸಬೇಕು, ಬೇರೆಯವರು ಫೋನ್ ಮಾಡುತ್ತಾರೆ ಎಂಬ ನಿಯಮವಿತ್ತು. ಬರೆದರೆ ದೂರುದಾರ ಯಾರೆಂದು ತಾನೇ ಊರಿಗೆಲ್ಲ ಸಾರಿದಂತೆ. ಅವಳು ಬರೆಯಲಿಲ್ಲ. ಜೊತೆಗೆ ಒಂದು ಹುಚ್ಚು ಆಸೆಯೂ ಹುಟ್ಟಿತು. ಈ ಫೋನು ರೆಕಾರ್ಡ್ ಆಗುತ್ತದೆ. ಅವನು ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಅದೇ ದಾಖಲೆ. ಮುಖ್ಯಸ್ಥರು ಕೇಳಿದ್ದು ಅದನ್ನೇ. ಅಂಕ ಇಳಿದರೆ ಮಂತ್ರಿಗೆ ಬಿಸಿ ಮುಟ್ಟುತ್ತದೆ, ಮಂತ್ರಿ ಆಯೋಗವನ್ನು ಕೇಳುತ್ತಾನೆ, ಆಯೋಗ ಆ ಬಿಳಿ ಅಂಗಿಯವನನ್ನು ಹಿಡಿಯುತ್ತದೆ. ಹೆಸರನ್ನು ಹೇಗೋ ತಾನೇ ಮುಚ್ಚಿಟ್ಟರಾಯಿತು. ಹೀಗೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿಂದು, ಗಂಟಲು ಸರಿಮಾಡಿಕೊಂಡು, ಕಚೇರಿಯ ಫೋನಿನಿಂದ ಅವಳು ಡಯಲ್ ಮಾಡಿದಳು. ಬೆಳಗಿನ ಹೊತ್ತು, ಶಾಪಿನಲ್ಲಿ ಕೆಲಸ ಜೋರಾಗಿರಬೇಕಾದ ಹೊತ್ತು.

“ಹಲೋ,” ಎಂದ ತಮ್ಮ.

ಗ್ರೈಂಡರಿನ ಸದ್ದಿರಲಿಲ್ಲ. ಸುತ್ತಿಗೆಯ ಸದ್ದೂ ಇರಲಿಲ್ಲ. ಅವನ ದನಿ ಇಷ್ಟು ಸ್ಪಷ್ಟವಾಗಿ ಫೋನಿನಲ್ಲಿ ಅವಳಿಗೆ ಎಂದೂ ಕೇಳಿಸಿರಲಿಲ್ಲ.

“ನಮಸ್ಕಾರ. ದೂರುದಾರರ ರಕ್ಷಣೆಯ ಬಗ್ಗೆ ಕೆಲವು ಪ್ರಶ್ನೆ ಕೇಳೋದಿತ್ತು. ಈ ಕರೆ ರೆಕಾರ್ಡ್ ಆಗ್ತಿದೆ. ಮಾತಾಡಬಹುದಾ?” ಎಂದಳು. ನಾನು ಕಣೋ ಎನ್ನುವುದನ್ನೆಲ್ಲ ಆ ದನಿಯೊಳಗೆ ತುರುಕಿದಳು.

ಒಂದು ಚಣ ತಡವಾಯಿತು. “ಹೇಳಿ ಮೇಡಂ.”

ಅವನಿಗೆ ಗುರುತು ಸಿಕ್ಕಿತ್ತು. ಸಿಕ್ಕಿದ್ದಕ್ಕೇ ಆ ತಡ ಎಂದು ಅವಳಿಗೆ ಗೊತ್ತಾಯಿತು. ಅಕ್ಕ ಎಂಬ ಶಬ್ದವನ್ನು ಹುಟ್ಟಿದ ಮೇಲೆ ಮೊದಲು ಕಲಿತ ಬಾಯಿ ಅದು. ಮೇಡಂ ಎನ್ನಲು ಎಷ್ಟು ಕಷ್ಟಪಟ್ಟಿರಬೇಕು.

“ದೂರು ಕೊಟ್ಟ ಮೇಲೆ ನಿಮಗೆ ಯಾರಿಂದಲಾದರೂ ಬೆದರಿಕೆ, ಒತ್ತಡ ಅಥವಾ ತೊಂದರೆ ಆಗಿದೆಯಾ?”

“ಇಲ್ಲ ಮೇಡಂ. ಏನೂ ತೊಂದರೆ ಇಲ್ಲ.” ಫೋನಿನಾಚೆ ಲೋಟದೊಳಗೆ ಚಮಚ ಆಡಿಸುವ ಸದ್ದು ಕೇಳಿಸಿತು, ನಿಧಾನವಾಗಿ, ಸುತ್ತು ಸುತ್ತು. “ಎಲ್ಲರೂ ತುಂಬಾ ಸಹಕಾರ ಕೊಡ್ತಿದಾರೆ.”

ಈ ಮಾತನ್ನು ಅವಳು ಮೊದಲೇ ಕೇಳಿದ್ದಳು. ಅಕ್ಷರ ಅಕ್ಷರವೂ ಇದೇ ಮಾತು. ಹಾಲಿನ ಟ್ಯಾಂಕರಿನ ಆ ಹೆಂಗಸು. ಎಷ್ಟು ಮೆತ್ತಗಿನ ದನಿ ಎಂದು ಮೆಚ್ಚಿಕೊಂಡಿದ್ದಳಲ್ಲ! ಆಕೆಯ ಹಿಂದೆಯೂ ಯಾರೋ ಕೂತು ಹೀಗೆಯೇ ಚಮಚ ಆಡಿಸುತ್ತಿದ್ದರೇ? ಇಷ್ಟು ವರ್ಷ ತಾನು ಹಸಿರು ಮಾಡಿದ ಎಷ್ಟು ಚೌಕಗಳ ಹಿಂದೆ ಯಾರು ಯಾರು ಕೂತಿದ್ದರು?

ಪ್ರಶ್ನೆಗಳು ಇನ್ನೂ ಉಳಿದಿದ್ದವು. ಅವಳು ಅವನ್ನು ಬಿಟ್ಟು, “ನಿಮ್ಮ ಕೆಲಸ ನಡೀತಿದೆಯಾ? ಮನೇಲಿ ಎಲ್ಲ ಆರಾಮಾ? ಮಗಳು...” ಎಂದಳು.

“ಮಗಳು ಸ್ಕೂಲಿಗೆ ಹೋಗ್ತಿಲ್ಲ ಮೇಡಂ, ಮನೇಲೇ ಇದಾಳೆ. ಕೆಲಸ... ನಡೆಯುತ್ತೆ. ಗ್ಯಾಸ್ ಕೇಳ್ದಿದ್ರೂ ತಂದುಕೊಡ್ತಿದಾರೆ. ನೀವು ತಲೆ ಕೆಡಿಸ್ಕೋಬೇಡಿ ಮೇಡಂ. ನೀವು ಏನೂ ತಪ್ಪು ಮಾಡಿಲ್ಲ.”

ಚಮಚದ ಸದ್ದು ನಿಂತಿತು. ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದು ಕೇಳಿಸಿತು. ಆಮೇಲೆ ಬೇರೆ ದನಿ, ಬಹಳ ಮರ್ಯಾದೆಯ, ನಗು ತುಂಬಿದ ದನಿ.

“ಆಯ್ತಲ್ಲ ಅಕ್ಕ? ಇಡೋಣ್ವಾ?”

ಫೋನು ಕಟ್ಟಾಯಿತು.

ಅವಳು ಕೂತಲ್ಲೇ ಕೂತಿದ್ದಳು. ಏಸಿಯ ನೀರು ಕಿಟಕಿಯಾಚೆ ತಗಡಿನ ಮೇಲೆ ಬೀಳುತ್ತಿತ್ತು. ಎದುರಿಗೆ ಅವಳ ದೇಶದ ಚೌಕ ಬೆಳ್ಳಗೆ ಖಾಲಿಯಿತ್ತು. ತೊಂದರೆ ಆಗಿದೆ ಎಂಬುದನ್ನು ಒತ್ತಿದಳು. ಕೆಳಗೆ ಸಾಲಾಗಿ ಪ್ರಶ್ನೆಗಳು ಬಿಚ್ಚಿಕೊಂಡವು: ಯಾರಿಗೆ, ಎಲ್ಲಿ, ಯಾರಿಂದ, ಯಾವ ದೂರಿನ ಸಂಬಂಧ. ತಮ್ಮನ ಶಾಪಿನ ನಡುವೆ ನಿಂತ ಸಿಲಿಂಡರು ಕಣ್ಣೆದುರು ಬಂತು. ಇದನ್ನು ಓದುವ ವಕೀಲರು, ವಕೀಲರಿಂದ ಕೇಳಿ ತಿಳಿಯುವ ಕಂಪನಿ, ಕಂಪನಿ ಕಳಿಸುವ ಬಿಳಿ ಅಂಗಿ. ಅಳಿಸಿದಳು. ಆಗಿಲ್ಲ ಎಂಬುದರ ಮೇಲೆ ಬೆರಳಿಟ್ಟಳು. ಬೆರಳು ಒತ್ತಲು ಒಪ್ಪಲಿಲ್ಲ. ತಮ್ಮನ ಮೇಲೆ ತಾನೇ ಮಣ್ಣು ಎಳೆದಂತೆ ಅನ್ನಿಸಿತು.

ಆಗಿದೆ ಎನ್ನುವಂತಿಲ್ಲ, ಆಗಿಲ್ಲ ಎನ್ನಲು ಕೈ ಬರುತ್ತಿಲ್ಲ. ಅವಳು ಖಾಲಿ ಬಿಟ್ಟಳು. ಬ್ಯಾಗು ಎತ್ತಿಕೊಂಡು ಎದ್ದಳು. ಲಿಫ್ಟಿಗೆ ಕಾಯದೆ ಮೆಟ್ಟಿಲ ಕಡೆ ಓಡುವಾಗ, ಹಿಂದೆ ಅವಳ ಪರದೆಯ ಮೇಲೆ ಚೌಕ ಹಸಿರಾದದ್ದನ್ನು ನೋಡಿ ಪಕ್ಕದ ಮೇಜಿನವನು ಚಪ್ಪಾಳೆ ತಟ್ಟಿದ. “ತಕ್ಕಡಿ ಮೇಡಂ, ಈ ಸಲವೂ ಪೂರ್ಣ ಅಂಕ! ನಾವು ಒಂದು ಸ್ಥಾನ ಮೇಲಕ್ಕೆ ಹೋದ್ವಿ!”

ಮೆಟ್ಟಿಲಿಳಿಯುತ್ತಲೇ ಅವಳು ತನ್ನ ಸ್ವಂತ ಫೋನಿನಿಂದ ತಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು. ಬೀದಿಗೆ ಬಂದು ಬಸ್ಸಿಗೆ ಕೈ ಒಡ್ಡಿ ನಿಂತು ಮತ್ತೆ ಮಾಡಿದಳು. ಎತ್ತೋ, ಎತ್ತೋ ಎಂದು ಬಾಯಿಬಿಟ್ಟು ಬೇಡಿಕೊಂಡಳು. ದಾರಿಹೋಕರು ತಿರುಗಿ ನೋಡಿದರು. ರಿಂಗಾಗುತ್ತಲೇ ಇತ್ತು.

ಯಾರೂ ಎತ್ತಲಿಲ್ಲ.